ಫೂಟೇಜ್‌ಗೆ ಕನ್ನಡದಲ್ಲಿ ಏನನ್ನೋಣ? (ಶುಕ್ರವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಮೆರಿಕದ ಹಳೆಯ ಫಿಲ್ಮುಗಳನ್ನು ತೋರಿಸುತ್ತಿದ್ದಾರೆ. ಕನ್ನಡ ಫಲಕ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಒಟ್ಟು ಮೂರು. 1899ರದ್ದು ಫಿಲಿಪ್ಪೀನ್ಸ್ ಯುದ್ಧದ್ದು, ಕಲೂಕನ್‌ನಲ್ಲಿ ಕ್ಯಾನ್ಸಸ್ ಪಡೆ ಮುನ್ನುಗ್ಗುವುದು. 1905ರದ್ದು ನ್ಯೂಯಾರ್ಕಿನ ಸುರಂಗ ರೈಲು, ಅದು ಓಡಲು ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. 1940ರದ್ದು ವಾಷಿಂಗ್ಟನ್ ರಾಜ್ಯದ ಟಕೋಮಾ ನ್ಯಾರೋಸ್ ತೂಗುಸೇತುವೆ ಕುಸಿದದ್ದು. ಇಂಗ್ಲಿಷ್ ಫಲಕದಲ್ಲಿ ಮೂರಕ್ಕೂ 'ಆರ್ಕೈವಲ್ ಫೂಟೇಜ್' (ಕಾಪಿಟ್ಟ ಹಳೆಯ ಚಿತ್ರೀಕರಣ) ಅಂತ ಬರೆದು ಕೈತೊಳೆದುಕೊಂಡಿದ್ದಾರೆ.

'ಸಾಕ್ಷ್ಯಚಿತ್ರ' ಆಗುವುದಿಲ್ಲ. ಅದು ಕತ್ತರಿಸಿ, ಜೋಡಿಸಿ, ಮಾತು ಸೇರಿಸಿದ್ದು. 'ದೃಶ್ಯಾವಳಿ' ಅಂದರೆ ಸಿಸಿಟಿವಿಯಲ್ಲಿ ಸರಗಳ್ಳ ಓಡುವುದೇ ಕಣ್ಣಮುಂದೆ ಬರುತ್ತದೆ. 'ದಾಖಲೆ ಚಿತ್ರ' ಅಂದರೆ ನೂರು ದಿನ ಓಡಿದ ಸಿನಿಮಾ ಅಂದುಕೊಳ್ಳುತ್ತಾರೆ. ಬೇರೆ ಏನಾದರೂ ಹೊಳೆಯುತ್ತಾ?

ಮರು:

ಹಳಮೆಯ ಓಡುತಿಟ್ಟ, ಅಂದರೆ ಹಿಂದಿನ ಕಾಲದ ಓಡುವ ಚಿತ್ರ. ಸಕ್ಕದವೂ (ಸಂಸ್ಕೃತವೂ) ಬೇಡ, ಇಂಗ್ಲಿಶೂ ಬೇಡ.

ಮರು: ಮರು:

ನಮ್ಮ ಕಡೆ ತಿಟ್ಟು ಅಂದರೆ ದಿಬ್ಬ. ಸೇತುವೆ ಬಿದ್ದದ್ದು ನೀರಿಗೆ, ದಿಬ್ಬದ ಮೇಲಲ್ಲ. ಮುಂದಿನದು?

ಮರು:

ಪದ ಹುಟ್ಟಿದ್ದು ಹೇಗೆ ಅಂತ ಯಾರೂ ನೋಡುವುದೇ ಇಲ್ಲ. ಫೂಟೇಜ್ ಅಂದರೆ ಅಡಿಲೆಕ್ಕ, ಅಷ್ಟೇ. ಬಟ್ಟೆ ಅಂಗಡಿಯಲ್ಲಿ ಗಜ ಹಾಕಿದಂತೆ ಫಿಲ್ಮನ್ನು ಅಡಿ ಹಾಕಿ ಅಳೆಯುತ್ತಿದ್ದರು. ಸುಮ್ನೆ ಹೇಳುತ್ತಿಲ್ಲ, ಟಕೋಮಾ ಚಿತ್ರವನ್ನೇ ತೆಗೆದುಕೊಳ್ಳಿ. ಊರಿನ ಕ್ಯಾಮೆರಾ ಅಂಗಡಿಯವರು 16 ಎಂಎಂ ಬಣ್ಣದ ಫಿಲ್ಮಿನಲ್ಲಿ ತೆಗೆದದ್ದು. ಅದರ ಒಂದು ಅಡಿಗೆ 40 ಫ್ರೇಮು, ಅಂದರೆ 40 ಬಿಡಿ ಚಿತ್ರ. 100 ಅಡಿಯ ಸುರುಳಿಯನ್ನು ಸೆಕೆಂಡಿಗೆ 16 ಫ್ರೇಮಿನಂತೆ ಓಡಿಸಿದರೆ 4 ನಿಮಿಷ 10 ಸೆಕೆಂಡು. 24ರಂತೆ ಓಡಿಸಿದರೆ 2 ನಿಮಿಷ 47 ಸೆಕೆಂಡು. ತೆಗೆದದ್ದು 16ರಲ್ಲಿ, ಆಮೇಲೆ ವಿಡಿಯೋ ಮಾಡಿದವರು ಓಡಿಸಿದ್ದು 24ರಲ್ಲಿ. ಹಾಗಾಗಿ ನಿಮಿಷಕ್ಕೆ 12 ಸಲ ತಿರುಚಿಕೊಂಡ ಸೇತುವೆ ವಿಡಿಯೋದಲ್ಲಿ 18 ಸಲ ತಿರುಚಿಕೊಳ್ಳುತ್ತದೆ. ಎಷ್ಟೋ ವರ್ಷ ಫಿಸಿಕ್ಸ್ ತರಗತಿಗಳಲ್ಲಿ ಮಕ್ಕಳು ಅದನ್ನೇ ನೋಡಿದರು. ನಿಮಿಷ ಸುಳ್ಳು ಹೇಳಿತು, ಅಡಿ ಹೇಳಲಿಲ್ಲ. ನನ್ನ ಸಲಹೆ: ಅಡಿಪಟ್ಟಿಕೆ.

ಮರು: ಮರು:

ಲೆಕ್ಕ ಚೆನ್ನಾಗಿದೆ, ಪದ ಕೆಟ್ಟದಾಗಿದೆ. ಅಡಿಪಟ್ಟಿ ಅಂದರೆ ಸ್ಕೇಲು. ಮಕ್ಕಳು ಜಾಮೆಟ್ರಿ ಬಾಕ್ಸ್ ಹುಡುಕುತ್ತಾರೆ.

ಮರು:

ಆರ್ಕೈವ್ಸ್‌ಗೆ ನಮ್ಮ ಸರ್ಕಾರವೇ 'ಪತ್ರಾಗಾರ' ಅಂದಿದೆಯಲ್ಲ. 'ಪತ್ರಾಗಾರದ ಚಿತ್ರ' ಅನ್ನಿ, ಮುಗಿಯಿತು. ಫಿಲ್ಮು ಪತ್ರ ಹೇಗಾಗುತ್ತದೆ ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮೂರರಲ್ಲಿ ಮೊದಲ ಎರಡು ಉಳಿದದ್ದೇ ಕಾಗದದಲ್ಲಿ. ಅಮೆರಿಕದಲ್ಲಿ 1912ರವರೆಗೆ ಸಿನಿಮಾಕ್ಕೆ ಅಂತಲೇ ಹಕ್ಕುಸ್ವಾಮ್ಯದ ಕಾನೂನು ಇರಲಿಲ್ಲ, ಫೋಟೋಗೆ ಇತ್ತು. ಅದಕ್ಕೆ ಕಂಪನಿಗಳು ಇಡೀ ಫಿಲ್ಮನ್ನು ಒಂದೊಂದೇ ಫ್ರೇಮಿನಂತೆ ಉದ್ದನೆಯ ಕಾಗದದ ಸುರುಳಿಗೆ ಅಚ್ಚು ಹಾಕಿ, ಹಕ್ಕುಸ್ವಾಮ್ಯ ನೋಂದಾಯಿಸುವ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಡುತ್ತಿದ್ದವು. ಆ ಕಾಲದ ನೈಟ್ರೇಟ್ ಫಿಲ್ಮು ಉರಿದೋ ಕೊಳೆತೋ ಹೋಯಿತು. ಕಾಗದ ಉಳಿಯಿತು. ಆಮೇಲೆ ಆ ಕಾಗದದ ಫೋಟೋ ತೆಗೆದು ಮತ್ತೆ ಫಿಲ್ಮು ಮಾಡಿದರು. ಪತ್ರವೋ ಅಲ್ಲವೋ ನೀವೇ ಹೇಳಿ.

ಮರು: ಮರು:

ಪತ್ರ, ಆಗಾರ, ಚಿತ್ರ. ಮೂರಕ್ಕೆ ಮೂರೂ ಸಂಸ್ಕೃತ. ಅಡಿಯಂಥ ಅಚ್ಚಗನ್ನಡದ ಪದ ಕೊಟ್ಟರೆ ಜಾಮೆಟ್ರಿ ಬಾಕ್ಸ್ ಅಂತೀರಿ!

ಮರು: ಮರು: ಮರು:

ಫಲಕ ಸಂಸ್ಕೃತ, ರೈಲು ಇಂಗ್ಲಿಷ್, ಕಾಗದ ಪಾರಸಿ, ದಾಖಲೆ ಅರಬ್ಬಿ. ಎಲ್ಲವನ್ನೂ ವಾಪಸ್ ಕಳಿಸಿ ಖಾಲಿ ಬೋರ್ಡ್ ನೇತುಹಾಕೋಣವೇ?

ಮರು:

ಜಗಳ ಆಮೇಲೆ ಮಾಡಿ. ಮೊದಲು ಆ 1899ರದ್ದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಫಿಲಿಪ್ಪೀನ್ಸ್ ಕಡೆಯವರು ಪೊದೆಯ ಅಂಚಿನಲ್ಲಿ ಸಾಲಾಗಿ ನಿಂತು ಕ್ಯಾಮೆರಾ ಕಡೆಗೇ ಗುಂಡು ಹಾರಿಸುತ್ತಾರೆ. ಅಷ್ಟರಲ್ಲಿ ಅಮೆರಿಕದವರು ಬಾವುಟ ಹಿಡಿದು ಹೊಗೆಯೊಳಗಿಂದ ಬರುತ್ತಾರೆ. ನಡುವೆ ಕ್ಯಾಮೆರಾದವನು ಹಾಯಾಗಿ ನಿಂತಿದ್ದಾನೆ! ಎಡಿಸನ್ ಕಂಪನಿಯವರು ಅದನ್ನು ತೆಗೆದದ್ದು ನ್ಯೂಜೆರ್ಸಿಯಲ್ಲಿ. ಕಲೂಕನ್‌ನ ಕಾಳಗ ನಿಜ, ಈ ಚಿತ್ರ ನಾಟಕ. 'ದಾಖಲೆ' ಅಂತ ಬರೆದರೆ ಆ ಸುಳ್ಳಿಗೆ ನೀವೂ ರುಜು ಹಾಕಿದಂತೆ. ಅದಕ್ಕೆ ಒಪ್ಪುವ ಕನ್ನಡ ಪದ ಒಂದೇ: ರೀಲು. ಬಿಟ್ಟಿದ್ದಾರೆ, ಚೆನ್ನಾಗೇ ಬಿಟ್ಟಿದ್ದಾರೆ.

ಸುರಂಗ ರೈಲಿನದು ಹಾಗಲ್ಲ. ಒಂದು ರೈಲಿನ ಹಿಂದೆಯೇ ಓಡುವ ಇನ್ನೊಂದು ರೈಲಿನ ಮೂತಿಗೆ ಕ್ಯಾಮೆರಾ ಕಟ್ಟಿ, ಪಕ್ಕದ ಹಳಿಯ ಮೇಲೆ ದೀಪಗಳ ಬಂಡಿ ಓಡಿಸಿ, 14ನೇ ಬೀದಿಯಿಂದ 42ನೇ ಬೀದಿವರೆಗೆ ತೆಗೆದದ್ದು. ಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಕೊನೆಗೆ ನಿಲ್ದಾಣ, ಹ್ಯಾಟು ಹಾಕಿದ ಜನ. ಅಷ್ಟೇ ಇರುವುದು, ಆದರೆ ಕಣ್ಣು ಕೀಳಲಾಗುವುದಿಲ್ಲ.

ಮರು:

ಎಲ್ಲರಿಗೂ ಥ್ಯಾಂಕ್ಸ್. ಮೂರಕ್ಕೂ ಒಂದೇ ಪದ ಹುಡುಕಿದ್ದೇ ನನ್ನ ತಪ್ಪು ಅನ್ನಿಸುತ್ತಿದೆ. 'ರೀಲು' ತುಂಬಾ ಇಷ್ಟವಾಯಿತು, ಆದರೆ ಹುಡುಗರು ಫೋನಿನ ರೀಲ್ಸ್ ಅಂದುಕೊಳ್ಳುತ್ತಾರೆ. ಮೇಲೆ ದೊಡ್ಡದಾಗಿ 'ಹಳೆಯ ಫಿಲ್ಮ್ ಸುರುಳಿಗಳು' ಅಂತ ಹಾಕಿದ್ದೇನೆ. ಕೆಳಗೆ, 1899: 'ಯುದ್ಧದಂತೆ ನಟಿಸಿ ತೆಗೆದದ್ದು'. 1905: 'ಓಡುವ ರೈಲಿನಿಂದ ತೆಗೆದದ್ದು, ಕಾಗದದಲ್ಲಿ ಉಳಿದದ್ದು'. 1940: 'ಸೇತುವೆ ಬೀಳುವಾಗಲೇ ತೆಗೆದದ್ದು'. ಅಡಿಯವರ ಮಾತಿಗೆ ಬೆಲೆ ಕೊಟ್ಟು ಅದರಡಿ ಇನ್ನೊಂದು ಸಾಲು: 'ವಿಡಿಯೋದಲ್ಲಿ ಕಾಣುವುದು ನಿಜವಾದ ವೇಗಕ್ಕಿಂತ ಒಂದೂವರೆ ಪಟ್ಟು'. ಕಾಲೇಜಿನವರ ಹತ್ತಿರ ಇರುವುದು 24ರ ಪ್ರತಿಯೇ, ವಿಚಾರಿಸಿದೆ.

ಪ್ರಿಂಟಿಗೆ ಕೊಟ್ಟಾಯಿತು. ತಿಟ್ಟದವರೂ ಬನ್ನಿ, ಟಿಕೆಟ್ ಇಲ್ಲ.

ಮರು: ಮರು:

'ಫಿಲ್ಮ್' ಅಂತ ವ್ಯಂಜನದಲ್ಲಿ ನಿಲ್ಲಿಸಿದ್ದೀರಲ್ಲ, ಕನ್ನಡದ ಬಾಯಿಗೆ ಅದು 'ಫಿಲ್ಮು' ಅಲ್ವಾ? ತಿದ್ದಲು ಇನ್ನೂ ಸಮಯ ಇದೆಯೇ?