ಅಪ್‌ಡೇಟ್: ಥೈರಾಯ್ಡ್ ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ – ಕಾರಣ ಸಿಕ್ಕಿತು

ಹಿಂದೆ ಕೇಳಿದ್ದು ಇದು: ತೀರ್ಥಹಳ್ಳಿಯಲ್ಲಿರುವ ಅಕ್ಕನಿಗೆ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು; ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ) 18 ಇತ್ತು, 75 ಮೈಕ್ರೋಗ್ರಾಂ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಶುರುವಾಯ್ತು, ನಾಲ್ಕು ತಿಂಗಳಲ್ಲಿ 0.01ಕ್ಕೆ ಇಳೀತು. ಮಾತ್ರೆ ನಿಲ್ಲಿಸಿ ಎರಡು ತಿಂಗಳಾದರೂ ಮೇಲೇಳಲಿಲ್ಲ, ಯಾಕೆ? ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಶಿವಮೊಗ್ಗದಲ್ಲಿ ಟಿಆರ್‌ಎಬಿ (ಥೈರಾಯ್ಡ್ ಗ್ರಂಥಿಯನ್ನು ಗುರಿಮಾಡುವ ಪ್ರತಿಕಾಯಗಳ ರಕ್ತಪರೀಕ್ಷೆ) ಮಾಡಿಸಿದೆವು, ಪಾಸಿಟಿವ್. ಈ ಪ್ರತಿಕಾಯಗಳಲ್ಲಿ ಒಂದು ಬಗೆ ಟಿಎಸ್‌ಎಚ್ ಬಂದು ಕೂರುವ, ಗ್ರಂಥಿಯ ಮೇಲಿನ ಗ್ರಾಹಕವನ್ನು (ರಿಸೆಪ್ಟರ್) ಕೆರಳಿಸುತ್ತದೆ, ಇನ್ನೊಂದು ಅದನ್ನೇ ಮುಚ್ಚುತ್ತದೆ. ಯಾವುದರ ಕೈ ಮೇಲಾಗುತ್ತದೋ ಗ್ರಂಥಿ ಆ ಕಡೆ ವಾಲುತ್ತದೆ. ಮಾಮೂಲಿ ಟಿಆರ್‌ಎಬಿ ಪರೀಕ್ಷೆ ಎರಡನ್ನೂ ಒಟ್ಟಿಗೇ ಹಿಡಿಯುವುದರಿಂದ ಫ್ರೀ ಟಿ4, ಟಿ3 (ಗ್ರಂಥಿಯೇ ಬಿಡುವ ಹಾರ್ಮೋನುಗಳ ಮಟ್ಟ) ಪಕ್ಕದಲ್ಲಿಟ್ಟೇ ಓದಬೇಕು. ಟಿಎಸ್‌ಎಚ್ ಒಂದನ್ನೇ ನಂಬಬೇಡಿ, ಅದು ವಾರಗಟ್ಟಲೆ ಹಿಂದೆ ಬೀಳುತ್ತದೆ.

ಈಗ ಥೈರಾಯ್ಡ್ ಹಾರ್ಮೋನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ 10 ಮಿ.ಗ್ರಾಂ, 4–6 ವಾರಕ್ಕೊಮ್ಮೆ ರಕ್ತಪರೀಕ್ಷೆ. ಟಿ4 ಕೆಳಗಿಳಿಯಲು ಶುರುವಾದ ಕೂಡಲೇ ಡೋಸ್ ಇಳಿಸದಿದ್ದರೆ ಮತ್ತೆ ಥೈರಾಯ್ಡ್ ಕಡಿಮೆಯಾಗುವ ತುದಿಗೆ ಹೋಗುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಜ್ವರ, ಗಂಟಲು ನೋವು ಅಂದರೆ ಕಾಳುಮೆಣಸಿನ ಕಷಾಯ ಕುಡಿದು ಕಂಬಳಿ ಹೊದ್ದು ಮಲಗುವುದೇ ವಾಡಿಕೆ. ಕಾರ್ಬಿಮಜೋಲ್ ನುಂಗುವವರು ಹಾಗೆ ಮಾಡಲೇಬಾರದು. ಮಾತ್ರೆ ನಿಲ್ಲಿಸಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ. ಅಪರೂಪಕ್ಕೆ ಬಿಳಿ ರಕ್ತಕಣಗಳು ಪೂರ್ತಿ ಕುಸಿಯುತ್ತವೆ, ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ.

ಕೂದಲಿಗೆಂದು ಬಯೋಟಿನ್ (ಒಂದು ವಿಟಮಿನ್) ತಗೊಳ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲೇ ಬಿಡಿ. ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿಸುತ್ತದೆ.