ನೇಟಿವ್ ಪ್ರಾಣಿಗೆ ಕನ್ನಡದಲ್ಲಿ ಏನನ್ನೋಣ? (ಬೋರ್ಡಿಗೆ, ತುರ್ತು)

ಮೆಲ್ಬರ್ನಿನಿಂದ:
ಶುಕ್ರವಾರದೊಳಗೆ ಒಂದು ಸಾಲು ಬೇಕು. ನಮ್ಮ ಮನೆ ಹತ್ತಿರ ಮೆರ್ರಿ ಕ್ರೀಕ್ ಹರಿಯುತ್ತದೆ. ಸುಮಾರು 70 ಕಿಲೋಮೀಟರ್ ಹರಿದು ಯಾರಾ ನದಿ ಸೇರುತ್ತದೆ. ಒಂದು ಕಾಲಕ್ಕೆ ದಂಡೆಯಲ್ಲಿ ಕಲ್ಲುಗಣಿ, ಕಸದ ಗುಂಡಿ ಇದ್ದವು. ಸುತ್ತಲಿನ ಜನರೇ ವರ್ಷಗಟ್ಟಲೆ ಬಂದು ಹೊರಗಿನಿಂದ ಬಂದ ವಿಲ್ಲೋ ಮರ ತೆಗೆದು ಇಲ್ಲಿಯದೇ ಆದ ರೆಡ್ ಗಮ್, ವಾಟಲ್, ಕಾಂಗರೂ ಹುಲ್ಲು ನೆಟ್ಟಿದ್ದಾರೆ. ಈಗ ಸಂಜೆ ಹೋದರೆ ಮುರಿದ ಕೊಂಬೆಯ ಹಾಗೆ ಟಾನಿ ಫ್ರಾಗ್‌ಮೌತ್ ಕೂತಿರುತ್ತದೆ. (ಗೂಬೆ ಅನ್ನಬೇಡಿ. ನಮ್ಮ ಪಶ್ಚಿಮ ಘಟ್ಟದ ಕಪ್ಪೆಬಾಯಿ ಹಕ್ಕಿಯ ಬಳಗ.) ಅದೃಷ್ಟವಿದ್ದರೆ, ಬಾಲದ ತುದಿ ಬೆಳ್ಳಗಿರುವ ರಕಾಲಿ (ನೀರಲ್ಲಿ ಬದುಕುವ ಇಲಿ) ಈಜುವುದೂ ಕಾಣುತ್ತದೆ.

ದಂಡೆಯಲ್ಲಿ ಹಾಕುವ ಬೋರ್ಡಿನಲ್ಲಿ ಕನ್ನಡವೂ ಇರಲಿ ಅಂತ ನಾನೇ ಬಾಯಿ ಹಾಕಿ ಸಿಕ್ಕಿಕೊಂಡಿದ್ದೇನೆ. 'ಇಲ್ಲಿ ನೇಟಿವ್ ಪ್ರಾಣಿ ಪಕ್ಷಿಗಳಿವೆ, ನಾಯಿಗೆ ಹಗ್ಗ ಹಾಕಿ.' ಇಷ್ಟೇ. 'ಮೂಲನಿವಾಸಿ' ಅಂದರೆ ಈ ನೆಲದ ವುರುಂಡ್ಜೆರಿ ಜನ ಅಂದುಕೊಳ್ಳುತ್ತಾರೆ. 'ಸ್ಥಳೀಯ' ಅಂದರೆ ನನಗೆ ಪಂಚಾಯ್ತಿ ಚುನಾವಣೆ ನೆನಪಾಗುತ್ತದೆ.

ಮಂಡ್ಯದಿಂದ:
ನಾಟಿ. ಇಷ್ಟಕ್ಕೆಲ್ಲ ಚರ್ಚೆ ಯಾಕೆ? ನಾಟಿ ಕೋಳಿ, ನಾಟಿ ಹಸು, ನಾಟಿ ಟೊಮೇಟೊ. 'ನೇಟಿವ್' ಅನ್ನೋದೇ ಸವೆದು 'ನಾಟಿ' ಆಗಿದ್ದು.

ಧಾರವಾಡದಿಂದ:
ಈ ಕತೆ ಬೇಡ. ಅದು 'ನಾಡು'. ತಮಿಳಿನ ನಾಟ್ಟುಕ್ಕೋಳಿ ನೋಡಿ, ಸಾಕು. ಸಸಿ ನೆಡುವ ನಾಟಿ ಬೇರೆ, ಅದು ಬಾಣ ನಾಟುವ 'ನಾಟು'. ಇನ್ನು ನೀವು ಹೇಳುವ ಜಾಗದಲ್ಲಿ ಗಿಡಗಳನ್ನೆಲ್ಲ ನಾಟಿ ಮಾಡಿದ್ದಾರೆ. ಅಲ್ಲಿ 'ನಾಟಿ ಗಿಡ' ಅಂದರೆ ಓದಿದವನು ಯಾವುದು ಅಂತ ತಿಳಿಯಬೇಕು? ನಮ್ಮ ಕಡೆ ಇದಕ್ಕೆ ಜವಾರಿ ಅಂತೀವಿ. ಜವಾರಿ ಕೋಳಿ, ಜವಾರಿ ಬೀಜ.

ಬೆಂಗಳೂರಿನಿಂದ:
ಜವಾರಿ ಕನ್ನಡದ್ದಾ? ಕೇಳಿದರೇ ಹೊರಗಿನದು ಅನ್ನಿಸುತ್ತೆ. ಅಚ್ಚಗನ್ನಡದಲ್ಲಿ 'ನಾಡ ಉಸಿರಿಗಳು' ಅನ್ನಿ. ರಕಾಲಿಯೂ ಬೇಡ, 'ನೀರಿಲಿ' ಸಾಕು.

ಧಾರವಾಡದಿಂದ:
ಎಲ್ಲಿಂದ ಬಂದರೇನು, ನಮ್ಮ ಹೊಲದಾಗ ಬೆಳದೈತಿ.

ಶಿರಸಿಯಿಂದ:
'ನಾಡ' ಆಗದು. ನಮ್ಮಲ್ಲಿ ನಾಡಿಗೆ ಎದುರು ಕಾಡು. ಕಾಡುಹಂದಿ ತೋಟ ಹಾಳು ಮಾಡುತ್ತದೆ, ನಾಡಹಂದಿ ಕೇರಿಯಲ್ಲಿ ಇರುತ್ತದೆ. 'ನಾಡಪ್ರಾಣಿ' ಅಂದರೆ ಊರಲ್ಲಿ ಸಾಕಿದ್ದು ಅಂತಲೇ ಅರ್ಥ. ಆ ಬೋರ್ಡು ಓದಿದವನು ತನ್ನ ನಾಯಿಯೂ ಲೆಕ್ಕಕ್ಕೆ ಬಂತು ಅಂತ ಹಗ್ಗ ಬಿಚ್ಚಿಯಾನು. ಸುಮ್ನೆ 'ದೇಸಿ' ಹಾಕಿ.

ಮೆಲ್ಬರ್ನಿನಿಂದ:
ದೇಸಿಯೇ ದೊಡ್ಡ ತೊಂದರೆ. ಕನ್ನಡದವರಿಗೆ ದೇಸಿ ಅಂದರೆ ಇಂಡಿಯಾದ್ದು. ಇಲ್ಲಿ ಇಂಡಿಯಾದ ಹಕ್ಕಿ ಯಾವುದು ಗೊತ್ತಾ? ಗೊರವಂಕ. ಹುಳ ತಿನ್ನಲಿ ಅಂತ 1862ರಲ್ಲಿ ಮೆಲ್ಬರ್ನಿಗೆ ತಂದು ಬಿಟ್ಟರು. ಈಗ ರೊಸೆಲ್ಲಾ ಗಿಳಿಗಳ ಪೊಟರೆಗೆ ನುಗ್ಗಿ ಓಡಿಸುತ್ತದೆ. ಜನ ಅದನ್ನು ಇಂಡಿಯನ್ ಮೈನಾ ಅಂತಲೇ ಬಯ್ಯುತ್ತಾರೆ, ನಾನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೇನೆ. 'ದೇಸಿ ಹಕ್ಕಿ' ಅಂತ ಓದಿ ಯಾರಾದರೂ ಗೊರವಂಕಕ್ಕೆ ಕಾಳು ಹಾಕಿದರೆ? ಅದೇ ನೀಲಗಿರಿ ಇಲ್ಲಿಯ ಜವಾರಿ ಮರ.

ನೀರಿಲಿ ಬಗ್ಗೆ: ಇಂಗ್ಲಿಷಿನವರೂ ಮೊದಲು ಹಾಗೇ ಅನ್ನುತ್ತಿದ್ದರು. ಈಗ ಅದನ್ನು ಬಿಟ್ಟು ದಕ್ಷಿಣ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಙರಿಂಡ್ಜೆರಿ ಜನರ 'ರಕಾಲಿ'ಗೆ ಬರುತ್ತಿದ್ದಾರೆ. ಕಾಂಗರೂ ಕೂಡ ಗೂಗು ಯಿಮಿಧಿರ್ ಅನ್ನುವ ಇನ್ನೊಂದು ಮೂಲನಿವಾಸಿ ಭಾಷೆಯ ಮಾತು. ಅದಕ್ಕೂ ಅಚ್ಚಗನ್ನಡ ಹುಡುಕಿದ್ದೀರಾ?

ಬೆಂಗಳೂರಿನಿಂದ:
ಒಂದು ತಪ್ಪು ಆಗಿದೆ ಅಂತ ಇನ್ನೊಂದು ಮಾಡಬೇಕಿಲ್ಲ.

ಮೈಸೂರಿನಿಂದ:
ಎಲ್ಲರೂ 'ಕ್ರೀಕ್' ಬಿಟ್ಟಿರಿ. ನಿಘಂಟು ನೋಡಿ 'ಕೊಲ್ಲಿ' ಹಾಕಿಬಿಟ್ಟೀರಿ, ಜೋಕೆ. ಅದು ಬ್ರಿಟನ್ನಿನವರ ಅರ್ಥ, ಸಮುದ್ರ ಒಳಗೆ ಚಾಚಿದ್ದು. ಆಸ್ಟ್ರೇಲಿಯಾದಲ್ಲಿ ಕ್ರೀಕ್ ಅಂದರೆ ನಮ್ಮ ತೊರೆ.

ಶಿರಸಿಯಿಂದ:
ತೊರೆ ಪದ್ಯದಲ್ಲಿ ಚೆನ್ನ. ಬಾಯಲ್ಲಿ ಯಾರು ಅನ್ನುತ್ತಾರೆ? ಹಳ್ಳ ಅನ್ನಿ.

ಬೆಂಗಳೂರಿನಿಂದ:
ನಮ್ಮಲ್ಲಿ ಹಳ್ಳ ಅಂದರೆ ರಸ್ತೆಯಲ್ಲಿ ಸ್ಕೂಟರ್ ಬೀಳುವ ಜಾಗ.

ಶಿರಸಿಯಿಂದ:
ಅದು ನಿಮ್ಮ ರಸ್ತೆಯ ದೋಷ, ಪದದ್ದಲ್ಲ. ಹಳಗನ್ನಡದ 'ಪಳ್ಳ', ತಗ್ಗು. ತಗ್ಗಿದ್ದಲ್ಲಿ ನೀರು ಹರಿಯುತ್ತದೆ.

ಮೆಲ್ಬರ್ನಿನಿಂದ:
ಹಳ್ಳವೇ ಇರಲಿ. 'ಮೆರ್ರಿ ಮೆರ್ರಿ' ಅಂದರೆ ವುರುಂಡ್ಜೆರಿ ಜನರ ವೊಯ್‌ವುರುಂಗ್ ಮಾತಿನಲ್ಲಿ ತುಂಬಾ ಕಲ್ಲಿರುವುದು. ನಾವು 'ಕಲ್ಲುಕಲ್ಲು ದಾರಿ' ಅನ್ನುತ್ತೇವಲ್ಲ, ಅದೇ ಧಾಟಿ. 'ಕಲ್ಲುಹಳ್ಳ' ಅಂತ ಬರೆಯಲು ಕೈ ತುರಿಸಿತು. ಆದರೆ ಹೆಸರು ಅವರದು, ಮುಟ್ಟಲಿಲ್ಲ. ಕೊನೆಗೆ ಕಳಿಸಿದ್ದು ಇದು:

'ಮೆರ್ರಿ ಹಳ್ಳ. ಈ ನೆಲದ ಪ್ರಾಣಿ, ಹಕ್ಕಿಗಳು ಇಲ್ಲಿವೆ. ನಾಯಿಗೆ ಹಗ್ಗ ಹಾಕಿ.'

ಬೆಂಗಳೂರಿನಿಂದ:
'ಪ್ರಾಣಿ' ಸಂಸ್ಕೃತ. 'ಉಸಿರಿ' ಅಂತ ಮೊದಲೇ ಹೇಳಿದ್ದೆ.

ಮೆಲ್ಬರ್ನಿನಿಂದ:
ಅಚ್ಚಿಗೆ ಹೋಯಿತು.