ಎರಡು ಊರಲ್ಲಿ ಸರ್ವರ್ ಇಟ್ಟರೂ ಸೈಟ್ ಬಿತ್ತು, ಯಾಕೆ?

ಮಂಡಿಹುಡುಗ, ಕೋಲಾರ
ನಮ್ಮದು ಕೋಲಾರ ಎಪಿಎಂಸಿಯ ಟೊಮೇಟೊ ರೇಟ್ ಹಾಕುವ ಸಣ್ಣ ಸೈಟ್. 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯಿತು ಅಂತ ಹರಾಜು ನಡೆಯುತ್ತಿರುವಾಗಲೇ ಹಾಕುತ್ತೇವೆ. ಆ ಹೊತ್ತಿಗೆ ರೈತರು, ಮಂಡಿಯವರು, ಲಾರಿಯವರು ಎಲ್ಲ ಒಟ್ಟಿಗೇ ನುಗ್ಗುತ್ತಾರೆ. ಮುಂಬೈನಲ್ಲಿ ಒಂದೇ ಸರ್ವರ್ ಇತ್ತು. ಯಾಕೆ ರಿಸ್ಕ್ ಅಂತ ಹೈದರಾಬಾದಿನಲ್ಲಿ ಇನ್ನೊಂದು ತಗೊಂಡು, ಡಿಎನ್‌ಎಸ್‌ನಲ್ಲಿ (ಸೈಟ್ ಹೆಸರು ಕೇಳಿದವರಿಗೆ ಸರ್ವರ್‌ನ ವಿಳಾಸ, ಅಂದರೆ ಐಪಿ, ಹೇಳುವ ವ್ಯವಸ್ಥೆ) ಎರಡೂ ಐಪಿ ಕೊಟ್ಟೆ. ಮೊನ್ನೆ ಮುಂಬೈದು ಕೈಕೊಟ್ಟಿತು. ಅರ್ಧ ಜನಕ್ಕೆ ಸೈಟ್ ಬರುತ್ತದೆ, ಅರ್ಧ ಜನಕ್ಕೆ ಒಳಗಿನ ಸರ್ವರ್ ಸರಿಯಾಗಿ ಉತ್ತರಿಸಿಲ್ಲ ಅನ್ನುವ 502 ಎರರ್. ಆ ಐಪಿ ತೆಗೆದ ಮೇಲೂ ಸಂಜೆವರೆಗೆ ಕೆಲವರಿಗೆ ಸರಿಹೋಗಲಿಲ್ಲ. ಸೈಟ್ ಬಂದವರಲ್ಲೂ ಮುಳಬಾಗಿಲಿನ ಒಬ್ಬರು ರೇಟೇ ತಪ್ಪು ಅಂತ ಬೈದರು, ಅದು ಬೇರೆ ಕಥೆ. ಎಲ್ಲಿ ಎಡವಿದೆ?

ಸಿರಾಗೇಟ್, ತುಮಕೂರು
ಟಿಟಿಎಲ್, ಅಂದರೆ ಡಿಎನ್‌ಎಸ್ ಹೇಳಿದ ಐಪಿಯನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ, ಎಷ್ಟು ಇಟ್ಟಿದ್ದೀರಿ?

ಮಂಡಿಹುಡುಗ, ಕೋಲಾರ
86400. ಮೊದಲಿಂದ ಇದ್ದದ್ದೇ, ಮುಟ್ಟಿಲ್ಲ.

ಸಿರಾಗೇಟ್, ತುಮಕೂರು
ಅಯ್ಯೋ ಗುರು, ಅದು ಸೆಕೆಂಡ್ ಲೆಕ್ಕ, ಅಂದರೆ ಇಡೀ ಒಂದು ದಿನ! ಹಳೇ ಐಪಿ ಒಮ್ಮೆ ತಗೊಂಡವರು ನಾಳೆವರೆಗೂ ಅದನ್ನೇ ಹಿಡಿದುಕೊಂಡಿರುತ್ತಾರೆ. 60ಕ್ಕೆ ಇಳಿಸಿ. ಇನ್ನೊಂದು, ಎರಡು ಐಪಿ ಕೊಟ್ಟರೆ ಡಿಎನ್‌ಎಸ್ ಸುಮ್ನೆ ಹಂಚುತ್ತದೆ ಅಷ್ಟೇ, ಯಾವುದು ಬದುಕಿದೆ ಅಂತ ನೋಡುವುದಿಲ್ಲ. ಸರ್ವರ್ ಪೂರ್ತಿ ಸತ್ತಿದ್ದರೆ ಬ್ರೌಸರ್ ತಾನೇ ಎರಡನೇ ಐಪಿಗೆ ಹೋಗಿ ನೋಡುತ್ತಿತ್ತು. 502 ಬಂತು ಅಂದರೆ ಅದರ ಮಟ್ಟಿಗೆ ಉತ್ತರ ಸಿಕ್ಕಿತು, ಅಲ್ಲಿಗೆ ನಿಲ್ಲುತ್ತದೆ. ಸರ್ವರ್ ಬದುಕಿದೆಯಾ ಅಂತ ಆಗಾಗ ನೋಡುವ ಹೆಲ್ತ್ ಚೆಕ್ ಇರುವ ಡಿಎನ್‌ಎಸ್ ಸೇವೆ ತಗೊಳ್ಳಿ. ಚೆಕ್ ಮಾಡುವ ಪುಟ ಡೇಟಾಬೇಸ್ ಮುಟ್ಟಿ ಬರಲಿ, ಬರೀ ಹೋಮ್ ಪೇಜ್ ತೆರೆದರೆ ಏನೂ ಗೊತ್ತಾಗಲ್ಲ.

ನಂದಿತಪ್ಪಲು, ಚಿಕ್ಕಬಳ್ಳಾಪುರ
ಎನಿಕ್ಯಾಸ್ಟ್, ಅಂದರೆ ಒಂದೇ ಐಪಿಯನ್ನು ಹಲವು ಊರಿನ ಸರ್ವರ್‌ಗಳಿಗೆ ಕೊಡುವುದು, ಮಾಡಿದರೆ ಆಗಲ್ವಾ? ಗೂಗಲ್ ಡಿಎನ್‌ಎಸ್‌ನ 8.8.8.8 ಒಂದೇ ಐಪಿ, ಪ್ರಪಂಚದ ಎಷ್ಟೋ ಕಡೆಯಿಂದ ಉತ್ತರ ಕೊಡುತ್ತದೆ.

ಸಿರಾಗೇಟ್, ತುಮಕೂರು
ಆಗುತ್ತದೆ, ಆದರೆ ಅದಕ್ಕೆ ಕನಿಷ್ಠ 256 ಐಪಿಗಳ ಸ್ವಂತ ಬ್ಲಾಕ್ ಬೇಕು, ಆ ಬ್ಲಾಕಿಗೆ ಬರುವ ದಾರಿಯನ್ನು ಬೇರೆ ನೆಟ್‌ವರ್ಕ್‌ಗಳಿಗೆ ತಿಳಿಸುವ ಬಿಜಿಪಿ ಬೇಕು. ಟೊಮೇಟೊ ರೇಟಿಗೆ ಜಾಸ್ತಿ ಆಯಿತು. ನಿಮ್ಮ ಸರ್ವರ್ ಮುಂದೆ ಎನಿಕ್ಯಾಸ್ಟ್ ಬಳಸುವ ಒಂದು ಸಿಡಿಎನ್ (ಹಲವು ಊರಿನ ತಮ್ಮ ಸರ್ವರ್‌ಗಳಿಂದ ನಿಮ್ಮ ಪುಟ ಕೊಡುವ ಸೇವೆ) ಇಟ್ಟರೆ ಅವರ ಎನಿಕ್ಯಾಸ್ಟೇ ನಿಮಗೂ ಸಿಗುತ್ತದೆ. ರೇಟ್ ಪುಟವನ್ನು ಅಲ್ಲಿ ಹತ್ತು ಸೆಕೆಂಡ್ ಕ್ಯಾಶ್ ಮಾಡಿದರೂ (ಕಾಪಿ ಇಟ್ಟುಕೊಂಡರೂ) ಸಾಕು, ಹರಾಜಿನ ಹೊತ್ತಿನ ನೂಕುನುಗ್ಗಲು ಸರ್ವರ್‌ವರೆಗೆ ಬರುವುದೇ ಇಲ್ಲ.

ಹಳೇಅಡ್ಮಿನ್, ಕೆಜಿಎಫ್
ಎಲ್ಲರೂ ಟ್ರಾಫಿಕ್ ಹಂಚುವುದನ್ನೇ ಮಾತಾಡುತ್ತಿದ್ದೀರಿ. ಅದು ಸುಲಭದ ಅರ್ಧ. ಡೇಟಾ ಎಲ್ಲಿದೆ ಅಣ್ಣ? ರೇಟ್ ಬರೆಯುವುದು ಒಂದೇ ಊರಲ್ಲಿ ಇರಲಿ, ಓದುವುದಕ್ಕೆ ಎರಡೂ ಊರಲ್ಲಿ ಕಾಪಿ ಇರಲಿ. ಎರಡೂ ಕಡೆ ಬರೆಯಲು ಬಿಟ್ಟರೆ, ನಡುವಿನ ಲಿಂಕ್ ಕಡಿದ ದಿನ ಇಬ್ಬರೂ ತಾವೇ ಯಜಮಾನ ಅಂದುಕೊಂಡು ಒಂದೇ ಲಾಟಿಗೆ ಎರಡು ರೇಟ್ ತೋರಿಸುತ್ತಾರೆ. ಒಂದು ಊರು ಬಿದ್ದಾಗ ಬರೆಯುವ ಜಾಗ ತಾನಾಗೇ ಬದಲಾಗಬೇಕು ಅಂದರೆ ಮೂರನೇ ಜಾಗದಲ್ಲಿ ಸಾಕ್ಷಿಗೆ ಒಂದು ಚಿಕ್ಕ ಮಷೀನ್ ಬೇಕು. ಇಬ್ಬರ ಜಗಳದಲ್ಲಿ ಬಹುಮತ ಎಲ್ಲಿಂದ ಬರಬೇಕು? ಡಿಎನ್‌ಎಸ್‌ನೂ ಮರೆಯಬೇಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮಾಯವಾಗಿತ್ತಲ್ಲ, ಅವತ್ತು ಅವರ ಡೇಟಾ ಸೆಂಟರ್‌ಗಳು ಎಷ್ಟು ಊರಲ್ಲಿದ್ದರೂ ಡಿಎನ್‌ಎಸ್‌ಗೆ ಹೋಗುವ ದಾರಿಯೇ ಇಂಟರ್ನೆಟ್ಟಿಂದ ಅಳಿಸಿಹೋಗಿತ್ತು.

ಮಂಡಿಹುಡುಗ, ಕೋಲಾರ
ಈಗ ಕಾನ್ಫಿಗ್ ತೆಗೆದು ನೋಡಿದೆ. ಹೈದರಾಬಾದ್ ಸರ್ವರ್ ಓದುತ್ತಿದ್ದದ್ದೂ ಮುಂಬೈ ಡೇಟಾಬೇಸಿಂದಲೇ. ಅವತ್ತು ಅಲ್ಲಿಂದ ಬಂದದ್ದೆಲ್ಲ ಕ್ಯಾಶ್‌ನಲ್ಲಿದ್ದ ಹಿಂದಿನ ದಿನದ ರೇಟ್. ಮುಳಬಾಗಿಲಿನವರಿಗೆ ಫೋನ್ ಮಾಡಿ ತಪ್ಪಾಯಿತು ಅನ್ನಬೇಕು.